‘ಪಗಾರ’ ಗೊತ್ತಿದ್ದರೆ ಸಾಕು: ಪೋರ್ಚುಗೀಸ್ ಕ್ರಿಯಾಪದ ಒಡೆಯುವುದು, ಒತ್ತು ಹಾಕುವುದು ಹೇಗೆ

ಲಿಸ್ಬನ್ನಿನಲ್ಲಿ ನಾವು ಮೂವರು ಒಂದು ಮನೆ ಹಂಚಿಕೊಂಡಿದ್ದ ಕಾಲ. ತಿಂಗಳ ಮೊದಲ ವಾರ ಮನೆ ಒಡತಿ ಬಾಡಿಗೆ ಕೇಳಲು ಬಂದರು. ಉಳಿದ ಇಬ್ಬರು ಹಿಂದಿನ ದಿನವೇ ದುಡ್ಡು ಕಟ್ಟಿದ್ದರು. ‘ಅವರು ಕೊಟ್ಟರು’ ಅಂತ ಹೇಳಲು ನಾನು ‘ಪಗರಾಂವ್’ ಅಂದೆ. ಆಕೆ ಹುಬ್ಬು ಗಂಟಿಕ್ಕಿ ‘ಯಾವಾಗ?’ ಅಂದರು. ‘ನಿನ್ನೆ’ ಅಂದೆ. ಆಕೆ ನನ್ನನ್ನು ಒಂದು ಕ್ಷಣ ನೋಡಿ ನಕ್ಕುಬಿಟ್ಟರು. ನಾನು ಹೇಳಿದ್ದು ‘ಅವರು ನಿನ್ನೆ ಕೊಡುತ್ತಾರೆ’ ಅಂತ!

ಕೊಟ್ಟರು ಅನ್ನಲು ಪ-ಗಾ-ರಂವ್. ಮುಂದೆ ಕೊಡುತ್ತಾರೆ ಅನ್ನಲು ಪ-ಗ-ರಾಂವ್. ಎರಡರಲ್ಲೂ ಅವೇ ಸದ್ದು, ಅದೇ ಕ್ರಮ. ದನಿ ಎಲ್ಲಿ ಎತ್ತುತ್ತೀರಿ ಅನ್ನುವುದೊಂದೇ ವ್ಯತ್ಯಾಸ. ಬರೆಯುವಾಗ ಕೊನೆಯ ಅಕ್ಷರಗಳು ಬೇರೆ ಬೇರೆ. ಬಾಯಲ್ಲಿ ಹೇಳುವಾಗ ಒತ್ತು ಬಿಟ್ಟರೆ ಬೇರೆ ಆಧಾರವೇ ಇಲ್ಲ.

ಇಲ್ಲಿ ‘ಒತ್ತು’ ಅಂದರೆ ಒತ್ತಕ್ಷರದ ಒತ್ತಲ್ಲ, ದನಿಯ ಒತ್ತು. ಪದದ ಒಂದು ತುಂಡನ್ನು ಜೋರಾಗಿ, ಸ್ಪಷ್ಟವಾಗಿ, ಸ್ವಲ್ಪ ಎಳೆದು ಹೇಳುವುದು. ‘ತುಂಡು’ ಅಂದರೆ ಸಿಲಬಲ್. ಒಂದು ಉಸಿರಿನ ತಳ್ಳುವಿಕೆಯಲ್ಲಿ ಬರುವಷ್ಟು ಸದ್ದು.

ನಮ್ಮ ಕಿವಿಗೆ ಇದು ಮೊದಲೇ ಗೊತ್ತು

ಕನ್ನಡದಲ್ಲಿ ಇಂಥ ಒತ್ತಿನಿಂದ ಅರ್ಥ ಬದಲಾಗುವುದಿಲ್ಲ. ನಮಗೆ ಅರ್ಥ ಬದಲಾಗುವುದು ಹ್ರಸ್ವ–ದೀರ್ಘದಿಂದ. ಬಡ ಬೇರೆ, ಬಾಡ ಬೇರೆ. ಹಾಗಾಗಿ ಪೋರ್ಚುಗೀಸರ ಒತ್ತು ನಮ್ಮ ಕಿವಿಗೆ ದೀರ್ಘವಾಗಿಯೇ ಕೇಳಿಸುತ್ತದೆ. ಇದು ಇವತ್ತಿನ ಮಾತಲ್ಲ. ಗೋವಾದಲ್ಲಿ ಪೋರ್ಚುಗೀಸರು 1510ರಿಂದ 1961ರವರೆಗೆ ಇದ್ದರು. ಆ ಭಾಷೆಯ ಪದಗಳು ಕೆಲವು ನೇರವಾಗಿ, ಕೆಲವು ಅಕ್ಕಪಕ್ಕದ ಭಾಷೆಗಳ ಮೂಲಕ ಕನ್ನಡಕ್ಕೆ ಬಂದವು. ಅವುಗಳಲ್ಲಿ ದೀರ್ಘ ಎಲ್ಲಿದೆ ನೋಡಿ: ಮೇಜು, ಚಾವಿ, ಪಾದ್ರಿ, ಬಟಾಟೆ, ಕರಾವಳಿಯ ಜನೇಲು. ಮೂಲ ಪದದಲ್ಲಿ ಒತ್ತು ಬೀಳುವುದೂ ಸರಿಯಾಗಿ ಅಲ್ಲೇ. ಕಿಟಕಿಗೆ ಅವರು ಹೇಳುವುದು ಝ-ನೇ-ಲ. ನಮ್ಮವರು ಆ ‘ನೇ’ ಕೇಳಿಸಿಕೊಂಡು ದೀರ್ಘ ಹಾಕಿದರು.

ಈ ಪದಗಳೆಲ್ಲ ವಸ್ತುಗಳ, ಮನುಷ್ಯರ ಹೆಸರು. ಕ್ರಿಯಾಪದದ ಕಡೆಯಿಂದ ಬಂದದ್ದೂ ಒಂದಿದೆ: ಪಗಾರ. ಉತ್ತರ ಕರ್ನಾಟಕದಲ್ಲಿ ಸಂಬಳಕ್ಕೆ ಇವತ್ತಿಗೂ ಇದೇ ಮಾತು. ‘ಪಗಾರ್’ ಅಂದರೆ ಪೋರ್ಚುಗೀಸಿನಲ್ಲಿ ದುಡ್ಡು ಕೊಡುವುದು, ಪಾವತಿ ಮಾಡುವುದು. ಪ-ಗಾರ್. ಒತ್ತು ಕೊನೆಯ ತುಂಡಿನ ಮೇಲೆ. ನಮ್ಮ ದೀರ್ಘವೂ ಅಲ್ಲೇ. ಹಾಗಾಗಿ ಈ ಲೇಖನ ಪೂರ್ತಿ ನಡೆಯುವುದು ಈ ಒಂದು ಪದದ ಬೆನ್ನ ಮೇಲೆ.

ಬರವಣಿಗೆಯ ಬಗ್ಗೆ ಒಂದೆರಡು ಮಾತು. ಒತ್ತು ಬೀಳುವ ತುಂಡಿಗೆ ದೀರ್ಘ ಹಾಕಿದ್ದೇನೆ, ಉಳಿದದ್ದೆಲ್ಲ ಹ್ರಸ್ವ. ತುಂಡುಗಳ ನಡುವೆ ಅಡ್ಡಗೀಟು. ಪದದ ಕೊನೆಯ ‘ಎಸ್’ ಲಿಸ್ಬನ್ನಿನಲ್ಲಿ ‘ಶ್’ ಆಗುತ್ತದೆ, ಹಾಗೇ ಬರೆದಿದ್ದೇನೆ. ಬ್ರೆಜಿಲಿನ ಬಹುಪಾಲು ಕಡೆ ಅದು ‘ಸ್’. ಅಕ್ಷರಗಳನ್ನು ಹೆಸರಿಸಬೇಕಾದಾಗ ನಮಗೆ ರೂಢಿಯಿರುವ ಇಂಗ್ಲಿಷ್ ಹೆಸರುಗಳನ್ನೇ ಬಳಸಿದ್ದೇನೆ: ಎ, ಇ, ಐ, ಓ, ಯು.

‘ಆಂವ್’ ಅಂತ ಬರೆದಿರುವುದು ಮೂಗಿನಿಂದ ಬರುವ ಸದ್ದು. ಕೊಂಕಣಿ ಬಲ್ಲವರಿಗೆ ಇದಕ್ಕೆ ಪಾಠ ಬೇಡ. ‘ನಾನು’ ಅನ್ನಲು ನೀವು ಹೇಳುವ ‘ಹಾಂವ್’ ಇದೆಯಲ್ಲ, ಅದೇ.

ಮೊದಲ ಹೆಜ್ಜೆ: ಪದವನ್ನು ತುಂಡು ಮಾಡಿ

ಎಷ್ಟು ಸ್ವರ ಕೇಳುತ್ತದೋ ಅಷ್ಟು ತುಂಡು. ಪ-ಗಾರ್ ಎರಡು. ಪ-ಗಾ-ವ ಮೂರು. ಇಷ್ಟೇ ಆಗಿದ್ದರೆ ಲೇಖನವೇ ಬೇಕಿರಲಿಲ್ಲ. ಕನ್ನಡಿಗರು ಎಡವುವುದು ಮುಖ್ಯವಾಗಿ ಎರಡು ಕಡೆ.

ಒಂದು, ನಮ್ಮ ಒತ್ತಕ್ಷರ. ‘ಪರ್ತಿರ್’ ಅಂತ ಬರೆದಾಗ ‘ರ್ತಿ’ ಒಂದೇ ಅಕ್ಷರವಾಗಿ ಕಾಣುತ್ತದೆ. ನಮ್ಮ ಕೈ ಅದನ್ನು ಪ-ರ್ತಿರ್ ಅಂತಲೇ ಒಡೆಯುತ್ತದೆ. ಪೋರ್ಚುಗೀಸರು ಒಡೆಯುವುದು ಪರ್-ತೀರ್ ಅಂತ. ನಡುವೆ ಎರಡು ವ್ಯಂಜನ ಬಂದರೆ ಮೊದಲನೆಯದು ಹಿಂದಿನ ತುಂಡಿಗೆ, ಎರಡನೆಯದು ಮುಂದಿನ ತುಂಡಿಗೆ. ಶಾಲೆಯಲ್ಲಿ ಪ್ರಸ್ತಾರ ಹಾಕಿದ್ದು ನೆನಪಿದೆಯಾ? ಒತ್ತಕ್ಷರದ ಹಿಂದಿನ ಅಕ್ಷರ ಗುರು ಆಗುತ್ತದೆ ಅಂತ ಮೇಷ್ಟ್ರು ಹೇಳಿಕೊಟ್ಟಿದ್ದರಲ್ಲ, ಅದರ ಹಿಂದಿನ ಲೆಕ್ಕವೂ ಇದೇ. ಒತ್ತಕ್ಷರದ ಅರ್ಧ ಭಾರ ಹಿಂದಕ್ಕೆ ಬೀಳುತ್ತದೆ.

ಆದರೆ ವ್ಯಂಜನದ ನಂತರ ‘ರ’ ಅಥವಾ ‘ಲ’ ಬಂದು ಬ್ರ, ಪ್ರ, ತ್ರ, ಕ್ಲ ಥರದ ಜೋಡಿಯಾದರೆ ಅದನ್ನು ಒಡೆಯಬಾರದು. ತೆರೆಯುವುದು ಅ-ಬ್ರೀರ್, ಕೊಳ್ಳುವುದು ಕೊಂ-ಪ್ರಾರ್. ‘ಲ್ಯ’, ‘ನ್ಯ’ ಸದ್ದುಗಳೂ ಹಾಗೇ. ಅವರ ಬರಹದಲ್ಲಿ ಅವು ಎರಡೆರಡು ಅಕ್ಷರ, ಸದ್ದು ಮಾತ್ರ ಒಂದೇ. ಕೆಲಸ ಮಾಡುವುದು ತ್ರ-ಬ-ಲ್ಯಾರ್, ಗಳಿಸುವುದು ಗ-ನ್ಯಾರ್. ಇಲ್ಲೆಲ್ಲ ನಮ್ಮ ಒತ್ತಕ್ಷರದ ಅಭ್ಯಾಸ ಸರಿಯಾಗಿಯೇ ಕೂರುತ್ತದೆ.

ಎರಡನೆಯದು ಸ್ವರಗಳ ಗುಂಪು. ಒಂದು ಸ್ವರದ ಪಕ್ಕ ‘ಐ’ ಅಥವಾ ‘ಯು’ ಬಂದು ಅದಕ್ಕೆ ಅಂಟಿಕೊಂಡರೆ ಎರಡೂ ಸೇರಿ ಒಂದೇ ತುಂಡು. ನಾನು ಕೊಟ್ಟೆ ಅನ್ನಲು ಪ-ಗೇಯ್, ಅವನು ತಿಂದ ಅನ್ನಲು ಕು-ಮೇವ್. ಎರಡೆರಡೇ ತುಂಡು. ಆದರೆ ‘ತಿನ್ನುತ್ತಿದ್ದ’ ಅನ್ನಲು ಕು-ಮೀ-ಅ, ಮೂರು ತುಂಡು. ಅಲ್ಲಿ ‘ಐ’ ಯಾರಿಗೂ ಅಂಟಿಲ್ಲ, ತಾನೇ ಒತ್ತು ಹೊತ್ತು ನಿಂತಿದೆ. ನಾವು ಅವಸರದಲ್ಲಿ ಅದನ್ನು ‘ಕುಮ್ಯಾ’ ಮಾಡಿಬಿಡುತ್ತೇವೆ. ಹಾಗೆ ಮಾಡಿದರೆ ಒಂದು ತುಂಡು ನುಂಗಿದಂತೆ.

‘ಪ-ಗೇಯ್’ ಬರೆಯುವಾಗ ‘ಜಿ’ ಅಕ್ಷರದ ಪಕ್ಕ ಒಂದು ‘ಯು’ ಇರುತ್ತದೆ. ಅದಕ್ಕೆ ಸದ್ದಿಲ್ಲ. ‘ಗ’ವನ್ನು ‘ಗ’ವಾಗಿಯೇ ಉಳಿಸಲು ನಿಲ್ಲಿಸಿದ ಕಾವಲುಗಾರ ಅಷ್ಟೇ. ಅದು ಇಲ್ಲದಿದ್ದರೆ ‘ಝೇಯ್’ ಅಂತ ಓದಬೇಕಾಗುತ್ತದೆ. ಅದನ್ನು ಒಂದು ಸ್ವರ ಅಂತ ಎಣಿಸಬೇಡಿ.

ಇನ್ನೊಂದು ಎಚ್ಚರಿಕೆ, ಪೋರ್ಚುಗಲ್‌ಗೆ ಹೋಗುವವರಿಗೆ. ಅಲ್ಲಿನವರು ಒತ್ತಿಲ್ಲದ ಸ್ವರಗಳನ್ನು ನುಂಗುತ್ತಾರೆ. ಫೋನ್ ಮಾಡುವುದು ಕಾಗದದ ಮೇಲೆ ತೆ-ಲೆ-ಫು-ನಾರ್, ನಾಲ್ಕು ತುಂಡು. ಬಸ್ಸಿನಲ್ಲಿ ಕಿವಿಗೆ ಬೀಳುವುದು ‘ತ್ಲ್‌ಫುನಾರ್’. ತುಂಡು ಎಣಿಸುವಾಗ ಬರಹವನ್ನು ನಂಬಿ, ಕಿವಿಯನ್ನಲ್ಲ. ಬ್ರೆಜಿಲಿನವರು ಇಷ್ಟು ನುಂಗುವುದಿಲ್ಲ, ಹಾಗಾಗಿ ಹೊಸಬರಿಗೆ ಅವರ ಮಾತು ಬೇಗ ಹತ್ತುತ್ತದೆ.

ಎರಡನೇ ಹೆಜ್ಜೆ: ಕೊನೆಯ ಅಕ್ಷರ ನೋಡಿ

ಒತ್ತು ಎಲ್ಲಿ ಅನ್ನುವುದನ್ನು ಪದದ ಬಾಲವೇ ಹೇಳುತ್ತದೆ. ಪದ ಎ, ಇ ಅಥವಾ ಓದಲ್ಲಿ ಮುಗಿದರೆ ಒತ್ತು ಕೊನೆಯಿಂದ ಎರಡನೇ ತುಂಡಿಗೆ. ಅದರ ನಂತರ ‘ಎಸ್’ ಬಂದರೂ ಅಷ್ಟೇ. ‘ಎ-ಎಂ’, ‘ಇ-ಎಂ’ ಬಾಲಗಳೂ ಇದೇ ಗುಂಪು. ಕ್ರಿಯಾಪದಗಳಲ್ಲಿ ಅರ್ಧಕ್ಕಿಂತ ಜಾಸ್ತಿ ರೂಪಗಳು ಇಲ್ಲೇ ಬೀಳುತ್ತವೆ.

ಬೇರೆ ಏನಾದರೂ ಬಾಲವಿದ್ದರೆ, ಅಂದರೆ ಆರ್, ಎಲ್, ಝಡ್, ಐ, ಯು ಅಥವಾ ಮೇಲೆ ಅಲೆಗೀಟು ಇರುವ ‘ಆಂವ್’ ಇದ್ದರೆ, ಒತ್ತು ಕೊನೆಯ ತುಂಡಿಗೆ. ಪ-ಗಾರ್, ಪ-ಗೇಯ್, ಪ-ಗೋವ್, ಪ-ಗ-ರಾಂವ್.

ಈ ಎರಡು ಮಾತನ್ನು ಮೀರಿದ ಪದದ ನೆತ್ತಿಯ ಮೇಲೆ ಒಂದು ಗುರುತು ಇರುತ್ತದೆ. ಬಲಕ್ಕೆ ಓರೆಯಾದ ಗೀಟು, ಅಥವಾ ಚಿಕ್ಕ ಟೋಪಿ. ಗುರುತು ಇದ್ದರೆ ಲೆಕ್ಕ ಹಾಕಬೇಕಾಗಿಲ್ಲ, ಒತ್ತು ಅಲ್ಲೇ. ಅಂದರೆ ಗುರುತು ಕಾಣದಿದ್ದರೂ ಅದು ಒಂದು ಸುದ್ದಿ ಹೇಳುತ್ತಿದೆ: ‘ಇಲ್ಲಿ ಮಾಮೂಲಿ ನಿಯಮವೇ ನಡೆಯುತ್ತೆ’ ಅಂತ.

ಮೂರು ಬಗೆಗೂ ಪೋರ್ಚುಗಲ್‌ನ ಶಾಲೆಗಳಲ್ಲಿ ಹೆಸರಿದೆ. ಕೊನೆಯ ತುಂಡಿಗೆ ಒತ್ತಿದ್ದರೆ ಅಗೂದ, ಕೊನೆಯಿಂದ ಎರಡನೆಯದಕ್ಕಾದರೆ ಗ್ರಾವೆ, ಮೂರನೆಯದಕ್ಕಾದರೆ ಇಶ್ದ್ರೂಶುಲ. ಈ ಕೊನೆಯ ಹೆಸರಿಗೆ ‘ವಿಚಿತ್ರ’ ಅನ್ನುವ ಅರ್ಥವೂ ಇದೆ. ಹೇಳಿ ನೋಡಿದರೆ ಆ ಪದವೇ ಇಶ್ದ್ರೂಶುಲ. ಮೂರನೆಯದಕ್ಕಿಂತ ಹಿಂದೆ ಒತ್ತು ಹೋಗುವುದಿಲ್ಲ.

ಗುರುತು ಬಿದ್ದರೆ, ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ನನಗೆ ತುಂಬ ಇಷ್ಟವಾದ ಮೂವರಿದ್ದಾರೆ. ಸಾ-ಬಿ-ಅ: ಬುದ್ಧಿವಂತೆ. ಸ-ಬೀ-ಅ: ಗೊತ್ತಿತ್ತು. ಸ-ಬಿ-ಆ: ಬ್ರೆಜಿಲಿನ ಒಂದು ಹಾಡುಹಕ್ಕಿ. ಅಕ್ಷರಗಳು ಐದೂ ಅವೇ. ಮೂವರಲ್ಲಿ ಗುರುತಿಲ್ಲದೆ ಓಡಾಡುವುದು ನಡುವಿನದು, ಅದು ಕ್ರಿಯಾಪದ.

ಇಂಥ ಜೋಡಿಗಳಲ್ಲಿ ಇದು ಮತ್ತೆ ಮತ್ತೆ ಆಗುತ್ತದೆ. ಅನುಮಾನ ಅನ್ನುವ ನಾಮಪದ ದೂ-ವಿ-ದ, ಗುರುತು ಇದೆ. ‘ಅನುಮಾನಪಡುತ್ತಾನೆ’ ದು-ವೀ-ದ, ಗುರುತಿಲ್ಲ. ಕಾರ್ಖಾನೆ ಫಾ-ಬ್ರಿ-ಕ, ‘ತಯಾರಿಸುತ್ತಾನೆ’ ಫ-ಬ್ರೀ-ಕ. ನಕಲು ಕೋ-ಪಿ-ಅ, ‘ನಕಲು ಮಾಡುತ್ತಾನೆ’ ಕು-ಪೀ-ಅ.

ಮೂರನೇ ಹೆಜ್ಜೆ: ಕಾಲ ನೋಡಿ, ಒತ್ತು ಎಲ್ಲಿ ಕೂರುತ್ತದೆ ತಿಳಿಯಿರಿ

ಪುಸ್ತಕಗಳು ಕೊಡುವ ಉದ್ದುದ್ದ ಕೋಷ್ಟಕ ನೋಡಿ ಹೆದರಬೇಡಿ. ಒತ್ತಿನ ಮಟ್ಟಿಗೆ ಇರುವುದು ಮೂರೇ ಜಾಗ: ಬೇರು, ಬೆಸುಗೆ, ಬಾಲ. ‘ಪಗಾರ್’ನಲ್ಲಿ ‘ಪ’ ಬೇರು. ಅದರ ನಂತರದ ‘ಗ’ದಲ್ಲಿರುವ ಸ್ವರ ಬೆಸುಗೆ. ಆಮೇಲೆ ಬರುವುದು ಬಾಲ. ಇವು ವ್ಯಾಕರಣದ ಹೆಸರುಗಳಲ್ಲ, ನಾನು ಇಟ್ಟುಕೊಂಡದ್ದು.

ವರ್ತಮಾನ ಕಾಲದಲ್ಲಿ ಒತ್ತು ಜಾಗ ಬದಲಿಸುತ್ತದೆ.

ನಾನು: ಪಾ-ಗು
ನೀನು: ಪಾ-ಗಶ್
ಅವನು, ಅವಳು, ತಾವು: ಪಾ-ಗ
ನಾವು: ಪ-ಗಾ-ಮುಶ್
ಅವರು: ಪಾ-ಗಂವ್

‘ನಾವು’ ಒಂದು ಬಿಟ್ಟು ಎಲ್ಲಾ ಕಡೆ ಒತ್ತು ಬೇರಿನ ಮೇಲೆ. ‘ನೀವೆಲ್ಲ’ ಅನ್ನುವ ಹಳೆಯ ರೂಪವೊಂದಿದೆ. ಅದೂ ‘ನಾವು’ ಜೊತೆಗೇ ನಡೆಯುತ್ತದೆ, ಆದರೆ ಇವತ್ತು ಅದು ಹೆಚ್ಚಾಗಿ ಕೇಳುವುದು ಪ್ರಾರ್ಥನೆಗಳಲ್ಲಿ. ಸದ್ಯಕ್ಕೆ ಬಿಟ್ಟುಬಿಡಿ.

ಬೇರಿನ ಮೇಲೆ ಒತ್ತು ಬಿದ್ದಾಗ ಕೆಲವು ಕ್ರಿಯಾಪದಗಳ ಬೇರೇ ಬದಲಾಗುತ್ತದೆ. ಸುಮ್ನೆ ಬಾಯಿಪಾಠ ಮಾಡಿದರೆ ಇದು ಹಿಂಸೆ, ಒತ್ತು ತಿಳಿದರೆ ಸಲೀಸು. ಅಡ್ಡಾಡುವುದು ಪ-ಸಿ-ಆರ್. ನಾನು ಅಡ್ಡಾಡುತ್ತೇನೆ ಅಂದರೆ ಪ-ಸೇ-ಯು, ಒಂದು ‘ಐ’ ಹೊಸದಾಗಿ ಬಂದು ಸೇರುತ್ತದೆ. ನಾವು ಅಂದಾಗ ಪ-ಸಿ-ಆ-ಮುಶ್, ಒತ್ತು ಮುಂದೆ ಹೋಯಿತು, ‘ಐ’ ಮಾಯ. ಒತ್ತು ಇದ್ದಲ್ಲಿ ಮಾತ್ರ ಅದು ಇರುತ್ತದೆ. ದ್ವೇಷಿಸುವುದು ಉ-ದಿ-ಆರ್, ನಾನು ದ್ವೇಷಿಸುತ್ತೇನೆ ಉ-ದೇ-ಯು. ಇದರ ಥರ ನಡೆಯುವ ಇನ್ನೂ ನಾಲ್ಕು ಕ್ರಿಯಾಪದಗಳಿವೆ. ಐದರ ಮೊದಲಕ್ಷರ ಜೋಡಿಸಿದರೆ ‘ಮಾರಿಯೊ’ ಅನ್ನುವ ಹೆಸರಾಗುತ್ತದೆ. ಅಲ್ಲಿನ ಮಕ್ಕಳು ನೆನಪಿಡುವುದು ಹಾಗೇ.

ಭೂತಕಾಲಕ್ಕೆ ಬಂದರೆ ಒತ್ತು ಬೆಸುಗೆಯ ಮೇಲೆ ಬಂದು ಕೂತುಬಿಡುತ್ತದೆ. ಆಮೇಲೆ ಅಲುಗುವುದಿಲ್ಲ. ಕೊಟ್ಟೆ ಪ-ಗೇಯ್, ಕೊಟ್ಟೆ (ನೀನು) ಪ-ಗಾಶ್-ತೆ, ಕೊಟ್ಟ ಪ-ಗೋವ್, ಕೊಟ್ಟರು ಪ-ಗಾ-ರಂವ್. ಕೊಡುತ್ತಿದ್ದ ಅನ್ನಲು ಪ-ಗಾ-ವ, ಕೊಡುತ್ತಿದ್ದರು ಪ-ಗಾ-ವಂವ್. ‘ಅವನು ಕೊಟ್ಟಿದ್ದರೆ’ ಅನ್ನುವ ಅರ್ಥದ್ದು ಪ-ಗಾ-ಸೆ. ಎಲ್ಲದರಲ್ಲೂ ‘ಗ’ದ ಮೇಲೆ. ನಮ್ಮ ಪಗಾರದಲ್ಲಿ ದೀರ್ಘ ಇರುವ ಜಾಗವೇ ಅದು.

ಇಲ್ಲಿ ‘ನಾವು’ ಬಂದಾಗ ಏನಾಗುತ್ತದೆ? ಬಾಲ ಒಂದು ತುಂಡು ಉದ್ದವಾಗುತ್ತದೆ, ಒತ್ತು ಮಾತ್ರ ಅಲ್ಲೇ ಇರುತ್ತದೆ. ಕೊಡುತ್ತಿದ್ದೆವು: ಪ-ಗಾ-ವ-ಮುಶ್. ಕೊನೆಯಿಂದ ಮೂರನೇ ತುಂಡಿಗೆ ಬಿತ್ತು, ಇಶ್ದ್ರೂಶುಲ ಆಯಿತು, ಗುರುತು ಬೇಕು. ಕೊಟ್ಟಿದ್ದರೆ ಅನ್ನುವುದೂ ಹಾಗೇ, ಪ-ಗಾ-ಸೆ-ಮುಶ್. ಮಾಮೂಲಿ ಕ್ರಿಯಾಪದಗಳಲ್ಲಿ ಇಶ್ದ್ರೂಶುಲ ಕಂಡರೆ ಅದು ‘ನಾವು’ ರೂಪವೇ. ಲ್ಯಾಟಿನ್ನಿನಲ್ಲಿ ಇಂಥ ರೂಪದ ಒತ್ತು ಒಂದು ತುಂಡು ಮುಂದೆ ಇತ್ತು. ಉಳಿದವರೆಲ್ಲ ಕೂತ ಸಾಲಿಗೇ ‘ನಾವು’ ಕೂಡ ಬರಲಿ ಅಂತ ಪೋರ್ಚುಗೀಸ್ ಅದನ್ನು ಹಿಂದಕ್ಕೆ ಎಳೆದುಕೊಂಡಿತು.

ಭೂತಕಾಲದಲ್ಲಿ ಕೆಲವು ಪುಂಡರಿದ್ದಾರೆ. ನನ್ನ ಬಳಿ ಇತ್ತು ತೀ-ವೆ, ಹೇಳಿದೆ ದೀ-ಸೆ, ಗೊತ್ತಾಯಿತು ಸೋ-ಬೆ. ‘ನಾನು’, ‘ಅವನು’ ಎರಡರಲ್ಲೂ ಇವುಗಳ ಒತ್ತು ಬೇರಿನ ಮೇಲೆ. ದಿನಾ ಬಳಸುವ ಪದಗಳಾದ್ದರಿಂದ ಬೇಗ ನಾಲಿಗೆಗೆ ಹತ್ತುತ್ತವೆ.

ಭವಿಷ್ಯತ್ತಿನಲ್ಲಿ ಒತ್ತು ಬಾಲಕ್ಕೆ. ಕೊಡುತ್ತೇನೆ ಪ-ಗ-ರೇಯ್, ಕೊಡುತ್ತಾನೆ ಪ-ಗ-ರಾ, ಕೊಡುತ್ತೇವೆ ಪ-ಗ-ರೇ-ಮುಶ್, ಕೊಡುತ್ತಾರೆ ಪ-ಗ-ರಾಂವ್. ‘ಕೊಡುತ್ತಿದ್ದೆ, ಆದರೆ...’ ಅನ್ನುವಂಥದ್ದು ಪ-ಗ-ರೀ-ಅ. ಯಾಕೆ ಹೀಗೆ? ಇದು ಮೂಲದಲ್ಲಿ ಎರಡು ಪದ. ‘ಪಗಾರ್’ ಮತ್ತು ‘ಇದೆ’ ಅನ್ನುವ ಅರ್ಥದ ಇನ್ನೊಂದು ಕ್ರಿಯಾಪದ ಅಂಟಿಕೊಂಡು ಆದದ್ದು. ನಾವು ‘ಕೊಡುವುದಿದೆ’ ಅನ್ನುತ್ತೇವಲ್ಲ, ಹಾಗೆ. ಅಂಟಿದ ಮೇಲೂ ಒತ್ತು ಎರಡನೇ ಪದದ ಬಳಿಯೇ ಉಳಿದುಕೊಂಡಿತು.

ಈಗ ಮನೆ ಒಡತಿಯ ಮುಂದೆ ನಾನು ಮಾಡಿದ ತಪ್ಪು ಸರಿಯಾಗಿ ಕಾಣುತ್ತದೆ ಅಲ್ವಾ? ಬೆಸುಗೆಯ ಮೇಲೆ ಹಾಕಬೇಕಿದ್ದ ಒತ್ತನ್ನು ಬಾಲಕ್ಕೆ ಹಾಕಿದ್ದೆ. ಮೂರನ್ನೂ ಒಟ್ಟಿಗೆ ಹೇಳಿ ನೋಡಿ: ಪಾ-ಗಂವ್, ಪ-ಗಾ-ರಂವ್, ಪ-ಗ-ರಾಂವ್. ಕೊಡುತ್ತಿರುತ್ತಾರೆ, ಕೊಟ್ಟರು, ಮುಂದೆ ಕೊಡುತ್ತಾರೆ. ಒತ್ತು ಬೇರಿನಿಂದ ಬೆಸುಗೆಗೆ, ಬೆಸುಗೆಯಿಂದ ಬಾಲಕ್ಕೆ ನಡೆದುಕೊಂಡು ಹೋಗುತ್ತದೆ.

ಸಿಕ್ಕಿಬೀಳದಿರಲು ಒಂದು ಅಡ್ಡದಾರಿಯೂ ಇದೆ. ಮಾತಿನಲ್ಲಿ ಜನ ಈ ಭವಿಷ್ಯತ್ ರೂಪ ಬಳಸುವುದು ಕಡಿಮೆ. ‘ಹೋಗು’ ಅನ್ನುವ ಕ್ರಿಯಾಪದ ಮುಂದಿಟ್ಟು ‘ವಾಂವ್ ಪ-ಗಾರ್’ ಅನ್ನುತ್ತಾರೆ. ಭೂತಕಾಲಕ್ಕೆ ‘ಝಾ’, ಅಂದರೆ ‘ಆಗಲೇ’, ಸೇರಿಸಿ: ‘ಝಾ ಪ-ಗಾ-ರಂವ್’. ಒತ್ತು ಸ್ವಲ್ಪ ಆಚೀಚೆ ಆದರೂ ‘ಝಾ’ ನಿಮ್ಮನ್ನು ಕಾಪಾಡುತ್ತದೆ. ಮುಂದಿನ ತಿಂಗಳಿಂದ ನಾನು ಮಾಡಿದ್ದು ಅದನ್ನೇ.

ನಾಲ್ಕನೇ ಹೆಜ್ಜೆ: ‘ಸಾಯ್’ ಕ್ರಿಯಾಪದದ ಮೇಲೆ ಪರೀಕ್ಷೆ

ಹೊರಗೆ ಹೋಗುವುದು ಸ-ಈರ್. ತುಂಡು, ಒತ್ತು, ಗುರುತು ಮೂರೂ ಇದರಲ್ಲಿ ಒಟ್ಟಿಗೆ ಸಿಗುತ್ತವೆ. ಅದಕ್ಕೇ ಇದನ್ನು ನಿಧಾನವಾಗಿ ನೋಡೋಣ.

‘ಅವನು ಹೊರಗೆ ಹೋಗುತ್ತಾನೆ’ ಅನ್ನಲು ಸಾಯ್. ಒಂದೇ ತುಂಡು. ‘ಹೊರಗೆ ಹೋಗು’ ಅಂತ ಸಲಿಗೆಯಲ್ಲಿ ಹೇಳಲೂ ಅದೇ. ‘ಸಾಯ್ ದ-ಕೀ!’ ಅಂದರೆ ‘ತೊಲಗು ಇಲ್ಲಿಂದ!’ ಮೊದಲ ಸಲ ಬೀದಿಯಲ್ಲಿ ಯಾರೋ ಯಾರಿಗೋ ಹಾಗೆ ಕೂಗಿದಾಗ, ಈ ಊರಲ್ಲೂ ಕನ್ನಡದಲ್ಲಿ ಬೈಯುತ್ತಾರಾ ಅಂತ ತಿರುಗಿ ನೋಡಿದ್ದೆ.

‘ನಾನು ಹೊರಗೆ ಹೋದೆ’ ಅನ್ನಲು ಸ-ಈ. ಎರಡು ತುಂಡು. ಅಕ್ಷರ ಅವೇ ಮೂರು, ‘ಐ’ ಮೇಲೆ ಓರೆಗೀಟು ಮಾತ್ರ ಹೊಸದು. ಆ ಗೀಟು ಇಲ್ಲಿ ಎರಡು ಕೆಲಸ ಮಾಡುತ್ತಿದೆ. ‘ಒತ್ತು ಇಲ್ಲಿದೆ’ ಅನ್ನುತ್ತಿದೆ. ‘ನನ್ನನ್ನು ಹಿಂದಿನ ಸ್ವರಕ್ಕೆ ಅಂಟಿಸಬೇಡ’ ಅಂತಲೂ ಅನ್ನುತ್ತಿದೆ.

ಹೋದರು ಸ-ಈ-ರಂವ್, ಗೀಟು ಇದೆ. ಹೋಗುತ್ತಿದ್ದ ಸ-ಈ-ಅ, ಗೀಟು ಇದೆ. ಹೋಗುತ್ತೇವೆ ಸ-ಈ-ಮುಶ್, ಇದೆ. ಹಾಗಾದರೆ ಸ-ಈರ್‌ನಲ್ಲಿ ಯಾಕಿಲ್ಲ? ಅಲ್ಲಿ ‘ಐ’ ಒಂಟಿಯಲ್ಲ. ಅದರ ತುಂಡಿನಲ್ಲೇ ‘ಆರ್’ ಬಂದು ಬಾಗಿಲು ಮುಚ್ಚಿದೆ, ಗೊಂದಲಕ್ಕೆ ಜಾಗವಿಲ್ಲ. ‘ಹೋಗುತ್ತಾ’ ಅನ್ನುವ ಸ-ಈನ್-ದು ಕೂಡ ಹಾಗೇ, ‘ಎನ್’ ಬಾಗಿಲು ಮುಚ್ಚಿದೆ. ತುಂಡಿನಲ್ಲಿ ಒತ್ತು ಹೊತ್ತ ‘ಐ’ ಒಂಟಿಯಾಗಿದ್ದರೆ, ಅಥವಾ ಜೊತೆಗೆ ‘ಎಸ್’ ಮಾತ್ರ ಇದ್ದರೆ ಗೀಟು ಬೇಕು. ‘ನೀನು ಹೋದೆ’ ಸ-ಈಶ್-ತೆ, ಅದಕ್ಕೇ ಗೀಟು ಇದೆ. ‘ಅವನು ಹೋದ’ ಸ-ಈವ್, ಅಲ್ಲಿ ‘ಐ’ ಮತ್ತು ‘ಯು’ ಒಂದೇ ತುಂಡಿನಲ್ಲಿ ಕೂತಿವೆ, ಗೀಟು ಬೇಡ.

ಬೀಳುವುದು ಕ-ಈರ್ ಕೂಡ ಅಕ್ಷರಶಃ ಹೀಗೇ ನಡೆಯುತ್ತದೆ. ಸ-ಈರ್ ಬಂದರೆ ಕ-ಈರ್ ಬಿಟ್ಟಿ.

ಐದನೇ ಹೆಜ್ಜೆ: ಬಾಲಕ್ಕೆ ಕಟ್ಟಿದ ಸರ್ವನಾಮ

ಲಿಸ್ಬನ್ನಿನ ಅಂಗಡಿಗಳಲ್ಲಿ ‘ಪಾ-ಗ-ಸೆ’ ಅನ್ನುವುದು ಕಿವಿಗೆ ಬೀಳುತ್ತದೆ, ದುಡ್ಡು ಕೊಡಲಾಗುತ್ತದೆ ಅಂತ. ಬರಹದಲ್ಲಿ ‘ಪಾಗ’ ಆದಮೇಲೆ ಅಡ್ಡಗೀಟು, ಆಮೇಲೆ ‘ಸೆ’. ‘ಕೊಟ್ಟಿದ್ದರೆ’ ಅನ್ನುವುದು ಪ-ಗಾ-ಸೆ, ಅದಕ್ಕೆ ಎರಡು ‘ಎಸ್’, ಅಡ್ಡಗೀಟು ಇಲ್ಲ. ಪೋರ್ಚುಗೀಸ್ ಮಾತೃಭಾಷೆಯವರೂ ಬರೆಯುವಾಗ ಇವೆರಡನ್ನು ಅದಲುಬದಲು ಮಾಡುತ್ತಾರೆ. ನಮಗೆ ಇಲ್ಲಿ ಅನುಕೂಲವೇ ಇದೆ, ದೀರ್ಘ ಎಲ್ಲಿ ಕೇಳಿತು ಅಂತ ನೋಡಿದರೆ ಆಯಿತು.

ಆದರೂ ಅನುಮಾನ ಬಂದರೆ ವಾಕ್ಯಕ್ಕೆ ‘ಇಲ್ಲ’ ಸೇರಿಸಿ. ‘ನಾಂವ್’ ಅಂದರೆ ‘ಇಲ್ಲ’. ಅದು ಬಂದ ತಕ್ಷಣ ಸರ್ವನಾಮ ಎದ್ದು ಮುಂದಕ್ಕೆ ಬರುತ್ತದೆ: ನಾಂವ್ ಸೆ ಪಾ-ಗ. ‘ಸೆ’ ಜಾಗ ಬಿಟ್ಟು ಕದಲಿದರೆ ಅದು ಬೇರೆ ಪದ, ಅಡ್ಡಗೀಟು ಬೇಕು. ಕದಲದಿದ್ದರೆ ಅದು ಕ್ರಿಯಾಪದದ ಬಾಲವೇ: ನಾಂವ್ ಪ-ಗಾ-ಸೆ.

‘ಅದನ್ನು ಕೊಡಲು’ ಅನ್ನುವಾಗ ಪಗಾರ್‌ನ ‘ಆರ್’ ಬಿದ್ದುಹೋಗಿ ‘ಲು’ ಬರುತ್ತದೆ: ಪ-ಗಾ-ಲು. ಇಲ್ಲಿ ‘ಎ’ ಮೇಲೆ ಗುರುತು ಬೇಕು. ಮಾರುವುದಕ್ಕೂ ಬೇಕು, ವೆನ್-ದೇ-ಲು, ಟೋಪಿ ಗುರುತು. ಹಂಚುವುದಕ್ಕೆ ಮಾತ್ರ, ಪರ್-ತೀ-ಲು, ಏನೂ ಬೇಡ. ಇದೇನು ಪಕ್ಷಪಾತ ಅಂತ ಅನಿಸುತ್ತೆ. ಅಡ್ಡಗೀಟಿನ ಹತ್ತಿರ ಕತ್ತರಿಸಿ, ಎಡಗಡೆ ಉಳಿದದ್ದನ್ನು ಎರಡನೇ ಹೆಜ್ಜೆಯ ಪ್ರಕಾರ ನೋಡಿ. ಒಂದು ‘ಎ’ದಲ್ಲಿ, ಒಂದು ‘ಇ’ದಲ್ಲಿ ಮುಗಿದಿವೆ. ಗುರುತಿಲ್ಲದಿದ್ದರೆ ಒತ್ತು ಹಿಂದಕ್ಕೆ ಜಾರುತ್ತದೆ. ಮೂರನೆಯದು ‘ಐ’ದಲ್ಲಿ ಮುಗಿದಿದೆ, ಒತ್ತು ತಾನಾಗಿಯೇ ಕೊನೆಗೆ ಬೀಳುತ್ತದೆ.

ಸಾಲಿನ ಕೊನೆಯಲ್ಲಿ ಪದ ಮುರಿಯಬೇಕಾಗಿ ಬಂದು, ಅದು ಈ ಅಡ್ಡಗೀಟಿನ ಜಾಗದಲ್ಲೇ ಮುರಿದರೆ, ಮುಂದಿನ ಸಾಲಿನ ಆರಂಭದಲ್ಲೂ ಇನ್ನೊಂದು ಅಡ್ಡಗೀಟು ಹಾಕಬೇಕು. ಎರಡು ‘ಎಸ್’ ಅಥವಾ ಎರಡು ‘ಆರ್’ ಇದ್ದರೆ ಒಂದು ಈ ಸಾಲಿಗೆ, ಒಂದು ಆ ಸಾಲಿಗೆ. ಕೈಯಲ್ಲಿ ಬರೆಯುವ ಪರೀಕ್ಷೆ ಇದ್ದವರು ಮಾತ್ರ ಇದನ್ನು ನೆನಪಿಟ್ಟುಕೊಳ್ಳಿ.

ಒತ್ತು ಒಂದೇ, ಸ್ವರ ಬೇರೆ

ಕೆಲವು ಕಡೆ ಒತ್ತಿನ ಜಾಗ ಒಂದೇ ಇದ್ದು ಬಾಯಿ ತೆರೆಯುವುದು ಬದಲಾಗುತ್ತದೆ. ‘ಆಟ’ ಅನ್ನುವ ನಾಮಪದ ಝೋ-ಗು, ‘ಆಡುತ್ತೇನೆ’ ಅನ್ನುವುದೂ ಝೋ-ಗು. ಬರಹವೂ ಒಂದೇ. ನಾಮಪದದ ‘ಓ’ ನಮ್ಮ ‘ಓದು’ ಥರ, ತುಟಿ ಗುಂಡಗೆ. ಕ್ರಿಯಾಪದದ್ದು ಬಾಯಿ ಅಗಲಿಸಿದ ‘ಓ’, ‘ಆ’ ಕಡೆಗೆ ವಾಲುತ್ತದೆ. ‘ರುಚಿ’ ಮತ್ತು ‘ನನಗೆ ಇಷ್ಟ’ ಅನ್ನುವ ಗೋಶ್-ತು ಜೋಡಿಯೂ ಹೀಗೇ.

ಪೋರ್ಚುಗಲ್‌ನಲ್ಲಿ ‘ನಾವು ಕೊಡುತ್ತೇವೆ’ ಮತ್ತು ‘ನಾವು ಕೊಟ್ಟೆವು’ ಬೇರೆ ಬೇರೆ. ಒತ್ತು ಎರಡರಲ್ಲೂ ‘ಗ’ದ ಮೇಲೆಯೇ. ವರ್ತಮಾನದಲ್ಲಿ ಅದು ಅರ್ಧ ಮುಚ್ಚಿದ ಬಾಯಿಯ ‘ಅ’, ಭೂತದಲ್ಲಿ ಪೂರ್ತಿ ತೆರೆದ ‘ಆ’. ಬರೆಯುವಾಗಲೂ ಭೂತಕ್ಕೆ ಓರೆಗೀಟು ಹಾಕುತ್ತಾರೆ. ಬ್ರೆಜಿಲ್‌ನಲ್ಲಿ ಎರಡೂ ಒಂದೇ ಸದ್ದು, ಗೀಟೂ ಇಲ್ಲ. 1990ರಲ್ಲಿ ಲಿಸ್ಬನ್ನಿನಲ್ಲಿ ಸಹಿಯಾದ ಕಾಗುಣಿತ ಒಪ್ಪಂದ ಈ ಗೀಟನ್ನು ಬರೆಯುವವರ ಇಷ್ಟಕ್ಕೆ ಬಿಟ್ಟಿದೆ. ಅದೇ ಒಪ್ಪಂದ ‘ಓದುತ್ತಾರೆ’ ಅನ್ನುವ ಲೇ-ಎಂಯ್ ಮೇಲಿದ್ದ ಟೋಪಿ ತೆಗೆಯಿತು, ‘ಆಯಿತು, ಸಾಧ್ಯವಾಯಿತು’ ಅನ್ನುವ ಪೋ-ದೆ ಮೇಲಿನದನ್ನು ಉಳಿಸಿತು. ಹಳೆಯ ಪುಸ್ತಕದಲ್ಲಿ ಕಲಿಯುತ್ತಿದ್ದರೆ ಈ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ, ಗಾಬರಿ ಬೇಡ.

ಅಭ್ಯಾಸ

ದಿನಕ್ಕೆ ಒಂದೇ ಕ್ರಿಯಾಪದ ತೆಗೆದುಕೊಳ್ಳಿ. ‘ಅವರು’ ರೂಪ ಮಾತ್ರ, ಮೂರು ಕಾಲದಲ್ಲಿ. ಮೇಜಿನ ಮೇಲೆ ಬೆರಳಿನಿಂದ ತಟ್ಟುತ್ತಾ ಹೇಳಿ. ಒತ್ತಿಲ್ಲದ ತುಂಡಿಗೆ ಬೆರಳು, ಒತ್ತಿದ್ದಕ್ಕೆ ಅಂಗೈ. ಎಳೆಯುವುದಕ್ಕಿಂತ ಉಳಿದ ತುಂಡುಗಳನ್ನು ಕುಗ್ಗಿಸುವುದು ಮುಖ್ಯ. ನಾವು ಎಲ್ಲ ಅಕ್ಷರಕ್ಕೂ ಸಮ ಮರ್ಯಾದೆ ಕೊಟ್ಟು ಮಾತಾಡುವವರು. ಆ ಮರ್ಯಾದೆಯೇ ಇಲ್ಲಿ ಅಡ್ಡ ಬರುತ್ತದೆ. ಕನ್ನಡದ ‘ಆ’ದಷ್ಟು ಉದ್ದ ಎಳೆಯಬೇಕಾಗಿಯೂ ಇಲ್ಲ, ಅರ್ಧ ಎಳೆದು ದನಿ ಏರಿಸಿದರೆ ಸಾಕು.

ಒಂದು ವಾರ ಆದಮೇಲೆ ಈ ಐದನ್ನು ನೋಡಿ. ಎಲ್ಲವನ್ನೂ ಬೇಕೆಂದೇ ಹ್ರಸ್ವದಲ್ಲಿ ಬರೆದಿದ್ದೇನೆ. ದೀರ್ಘ ನೀವು ಹಾಕಬೇಕು.

1. ಶೆಗರಂವ್. ಕೊನೆಯಲ್ಲಿ ‘ಎ-ಎಂ’, ಗುರುತಿಲ್ಲ.
2. ಅಬ್ರಿರ. ಕೊನೆಯ ‘ಎ’ ಮೇಲೆ ಓರೆಗೀಟು.
3. ಕಯ್. ಗುರುತಿಲ್ಲ.
4. ಲವಸೆ. ಅಡ್ಡಗೀಟು ಇದೆ, ಒಂದೇ ‘ಎಸ್’.
5. ಕೊಂಪ್ರವಮುಶ್. ‘ಪ್ರ’ದ ‘ಎ’ ಮೇಲೆ ಓರೆಗೀಟು.

ಉತ್ತರ: ಶೆ-ಗಾ-ರಂವ್, ಬಂದರು. ಅ-ಬ್ರಿ-ರಾ, ತೆರೆಯುತ್ತಾನೆ. ಕಾಯ್, ಬೀಳುತ್ತಾನೆ. ಲಾ-ವ-ಸೆ, ತೊಳೆದುಕೊಳ್ಳುತ್ತಾನೆ. ಕೊಂ-ಪ್ರಾ-ವ-ಮುಶ್, ಕೊಳ್ಳುತ್ತಿದ್ದೆವು. ಮೂರನೆಯದರಲ್ಲಿ ‘ಕ-ಈ’ ಅಂದಿದ್ದರೆ ಬಿದ್ದದ್ದು ನೀವು.